ತವರಿನ ಬಳೆ, ರೆಸಾರ್ಟಿನ ವಾರ

ಗೌನಿಪಲ್ಲಿ
ರಾತ್ರಿ ಎರಡೂವರೆ

ಅಮರಣ್ಣ,

ಟ್ರಂಕಿನ ಚಿಲಕದ ಸದ್ದಿಗೆ ಎಚ್ಚರವಾಯಿತು. ಮದುವೆಯಲ್ಲಿ ನೀನು ನನಗೆ ಹಾಕಿದ ಬಳೆಗಳನ್ನು ಮಾವನವರು ಟವೆಲಿನಲ್ಲಿ ಗಂಟು ಕಟ್ಟುತ್ತಿದ್ದರು. ಮೊದಲ ಬಸ್ಸಿಗೆ ಶ್ರೀನಿವಾಸಪುರಕ್ಕೆ ಹೋಗಿ ಅಡವಿಡುತ್ತಾರಂತೆ. ನೀನು ಫೋನ್ ಎತ್ತಲಿಲ್ಲ, ಅದಕ್ಕೇ ವಾಟ್ಸಾಪಿನಲ್ಲಿ ಬರೆಯುತ್ತಿದ್ದೇನೆ.

ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ತಂಗುವ ಹಕ್ಕನ್ನು ನಮ್ಮ ಯಜಮಾನರು ಕೊಂಡಿದ್ದರಲ್ಲ, ಅದಕ್ಕೆ ಗಿರಾಕಿ ಸಿಕ್ಕಿದ್ದಾನೆಂದು ಯಾರೋ ಫೋನ್ ಮಾಡುತ್ತಿದ್ದಾನೆ. ಮಾರಬೇಕಾದರೆ ನಾವೇ ಮೊದಲು ತೆರಿಗೆ ಕಟ್ಟಬೇಕಂತೆ. ತೆಲುಗಿನಲ್ಲಿ "ಮಾವಾ" ಎಂದು ಕರೆದು, ನಮ್ಮ ಮನೆದೇವರೇ ತನಗೂ ಮನೆದೇವರು ಎಂದನಂತೆ. ಮಾವನವರು ಅಷ್ಟಕ್ಕೇ ಮಾತು ಕೊಟ್ಟುಬಿಟ್ಟರು.

"ಮಂಡಿಗೆ ಮಾವು ಮಾರೋಕೆ ಹಾಕಿದೋರ ಹತ್ರಾನೇ ಯಾರಾದ್ರೂ ಮುಂಗಡ ಕೇಳ್ತಾರಾ ಮಾವ?" ಎಂದೆ.

"ಓದಿದೋಳಲ್ವಾ, ನೆಂಟ್ರೂ ನಿನಗೆ ಕಳ್ಳರಂಗೆ ಕಾಣ್ತಾರೆ!" ಎಂದು ನಕ್ಕರು. ಇವರು ಮಗ್ಗುಲು ಬದಲಿಸಿ ಮಲಗಿದರು.

ತವರಿನ ಒಡವೆಯನ್ನು ತವರಿನವರೇ ಕೇಳಿದರೆ ಮಾವನವರು ಮುಟ್ಟುವುದಿಲ್ಲ. ಮೋಸದ ಮಾತು ಎತ್ತಬೇಡ, ಅವಮಾನವಾಗುತ್ತದೆ. ಅತ್ತಿಗೆಗೆ ಯಾವುದೋ ಮದುವೆಗೆ ಬಳೆ ಬೇಕು, ಇವತ್ತೇ ಬಂದು ಒಯ್ಯುತ್ತೇನೆ ಅನ್ನು.

ಮಾವನವರು ಚಪ್ಪಲಿಯನ್ನು ಆಗಲೇ ಬಾಗಿಲ ಹತ್ತಿರ ಇಟ್ಟುಕೊಂಡಿದ್ದಾರೆ. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹೊಸ್ತಿಲಲ್ಲೇ ಕೂತಿದ್ದೇನೆ. ಬೆಳಗಾಗುವ ಮೊದಲು ಫೋನ್ ಮಾಡಣ್ಣ, ನಿನ್ನ ದಮ್ಮಯ್ಯ. ನನಗಲ್ಲ, ಮಾವನವರಿಗೆ.

ನಿನ್ನ ತಂಗಿ
ಗಂಗಾ