ಕಮಾನಿಗಿಂತ ಮೊದಲು ಮಾಳಿಗೆ

ಹಿರೇಸಂಗಾಪುರ, ತಾ|| ಸಿಂದಗಿ
14 ಅಕ್ಟೋಬರ್ 1998, ಬುಧವಾರ

ಪ್ರೀತಿಯ ವಿಜಯಶ್ರೀಯ ಅಪ್ಪನವರಿಗೆ,

ನಿಮ್ಮ ಯಲ್ಲವ್ವನ ಜೈಭೀಮ್. ಕಾಲು ಹೇಗಿದೆ? ಮುರಿದ ಎಲುಬಿಗೆ ಸಳಿ ಹಾಕಿದ ಜಾಗ ಇನ್ನೂ ನೋಯುತ್ತಿದೆಯೇ? ಪಾದ ನೆಲಕ್ಕೆ ಊರಬಹುದೆಂದು ಡಾಕ್ಟರು ಹೇಳಿದರೇ? ಮಿರಜದ ದವಾಖಾನೆಯ ಊಟ ನಿಮಗೆ ಒಗ್ಗಿಲ್ಲವೆಂದು ನಿಮ್ಮ ತಮ್ಮ ಧರ್ಮರಾಜ ಹೇಳಿದ. ಸಂಜೆಯ ಬಸ್ಸಿಗೆ ಅವನು ಅಲ್ಲಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ನಿಮಗೆ ಸೇರುವ ಕೆಂಪು ಖಾರ ಕಟ್ಟಿ ಕಳಿಸುತ್ತಿದ್ದೇನೆ. ಆಚೀಚೆ ಮಂಚದವರಿಗೆಲ್ಲ ಹಂಚಿ ಖಾಲಿ ಗಂಟು ತಿರುಗಿ ಕಳಿಸಬೇಡಿ, ನಿಮ್ಮ ಸ್ವಭಾವ ನನಗೆ ಗೊತ್ತು. ವಿಜಯಶ್ರೀ ಚೆನ್ನಾಗಿ ಓದುತ್ತಿದ್ದಾಳೆ. ಸೈಕಲ್ ಅಂಗಡಿ ನಡೆಯುತ್ತಿದೆ. ಇನ್ನು ಊರಿನ ಸುದ್ದಿ. ಅದು ಬೇರೆಯವರ ಬಾಯಿಂದ ಬೇರೆ ಬಣ್ಣ ಬಳಿದುಕೊಂಡು ನಿಮ್ಮ ಮಂಚದ ತನಕ ಬರುವ ಮೊದಲು ನಾನೇ ಬರೆದುಬಿಡುತ್ತೇನೆ.

ನೀವು ಮಿರಜಕ್ಕೆ ಹೋದ ಮೇಲೆ ಇಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಬಂದರೆ ಹೀಗೆ. ಮನೆಗಳ ಮೇಲಿನ ಮಣ್ಣಿನ ಮಾಳಿಗೆಗಳೆಲ್ಲ ನೀರು ಕುಡಿದು ಭಾರವಾದವು. ಕಾಯಿಪಲ್ಲೆ ಮಾರುವ ಸಿದ್ದವ್ವ ಮುಂದಿನ ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಹಿಂದಿನ ಕೋಣೆಯ ಜಂತಿ ಮುರಿದು ಮಾಳಿಗೆ ಪೂರಾ ಕುಸಿಯಿತು. ಒಳಗೆ ಕಟ್ಟಿದ್ದ ಆಡು ಸತ್ತಿತು. ನಾನು ಓಡಿಹೋದಾಗ ಅವಳು ಅಳುತ್ತಿರಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು, ಕೈಬಿಟ್ಟರೆ ಅದೂ ಬೀಳುತ್ತದೆ ಎನ್ನುವ ಹಾಗೆ. ಆ ದಿನದಿಂದ ಶಾಲೆಯ ಕಟ್ಟೆಯ ಮೇಲೆ ಮಲಗತೊಡಗಿದಳು.

ಮನೆ ಕಟ್ಟುವ ಗೌಂಡಿ ಮಶಾಕಸಾಬಣ್ಣ ಬಂದು ಗೋಡೆ ಹತ್ತಿ ನೋಡಿದರು. ಅಕ್ಕಪಕ್ಕದ ಮನೆಗಳನ್ನೂ ನೋಡಿ ಇಳಿದು ಬಂದು, "ಇದೊಂದ ಅಲ್ಲ ಯಲ್ಲವ್ವಾ, ಓಣ್ಯಾಗ ಬಾಳ ಮಾಳಿಗಿ ಹಿಂಗ ಅದಾವು. ಇನ್ನೊಂದು ದೊಡ್ಡ ಮಳಿ ತಡಿಯೂದಿಲ್ಲ" ಎಂದರು. ಯುವಕ ಸಂಘದ ಹುಡುಗರು ಕೂಲಿ ಇಲ್ಲದೆ ದುಡಿಯುತ್ತೇವೆ ಎಂದರು. ಮಶಾಕಸಾಬಣ್ಣನೂ, "ನಂದೂ ಕೂಲಿ ಬ್ಯಾಡ. ಐತವಾರಕ್ಕೊಮ್ಮೆ ಬಂದು ಕೆಲಸ ಮಾಡ್ತೇನಿ. ಆದ್ರ ಜಂತಿ, ತಗಡು, ಸಿಮೆಂಟು ಎಲ್ಲಿಂದ ತರೂದು?" ಎಂದರು. ಆಗ ಸಿದ್ದವ್ವ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ನೀ ಪಂಚಾಯ್ತಿ ಮೆಂಬರ್ ಅಲ್ಲೇನ ತಂಗಿ?"

ನಿಮಗೆ ಬೇಜಾರಾಗದಿದ್ದರೆ ಒಂದು ಮಾತು. ಮಹಿಳಾ ಮೀಸಲು ಬಂದು ನಾನು ಪಟ್ಟಣ ಪಂಚಾಯಿತಿಗೆ ಆರಿಸಿ ಬಂದಂದಿನಿಂದ ಸಭೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಮಾತಾಡಿದವರು ನೀವು. "ನೀ ಸಹಿ ಮಾಡು, ಮಾತು ನಾ ನೋಡ್ಕೋತೇನಿ" ಅಂದಿರಿ. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಓಣಿಗೆ ನಳ ತಂದವರೂ ನೀವೇ, ಅದಕ್ಕಾಗಿ ಓಣಿಯ ಹೆಂಗಸರು ಇಂದಿಗೂ ನಿಮ್ಮನ್ನು ಹರಸುತ್ತಾರೆ. ಆದರೆ ಸಿದ್ದವ್ವ ನಿಮ್ಮನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ನೀವು ಇದ್ದಿದ್ದರೆ ನಾನು ತಿರುಗಿ ನಿಮ್ಮ ಮುಖ ನೋಡುತ್ತಿದ್ದೆ. ಅಂದು ನೋಡಲು ಯಾರೂ ಇರಲಿಲ್ಲ. "ಹೌದವ್ವಾ, ನಾನ ಮೆಂಬರ್. ಕೇಳಿ ತರ್ತೇನಿ" ಎಂದುಬಿಟ್ಟೆ.

ಸಭೆಗೆ ಒಬ್ಬಳೇ ಹೋದೆ. ಬಾಗಿಲಲ್ಲಿ ಸಿಪಾಯಿ ನನ್ನ ಬೆನ್ನ ಹಿಂದೆ ಇಣುಕಿ ನೋಡಿದ, ನೀವು ಬರುತ್ತಿದ್ದೀರೆಂದು ತಿಳಿದು. ಎದ್ದು ನಿಂತಾಗ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಗಟ್ಟಿ ಹಿಡಿದಿದ್ದೆ. ಸಿದ್ದವ್ವನ ಮನೆಯ ವಿಷಯ ತೆಗೆದೊಡನೆ ಅಧ್ಯಕ್ಷ ಬಸಂತರಾಯರು ನಕ್ಕು, "ಕೂಡು ತಂಗಿ. ನಿನ್ನ ಗಂಡ ಸಿದ್ರಾಮ ಆರಾಮಾಗಿ ಬರ್ಲಿ, ಅವನ ಕೂಡ ಮಾತಾಡೂಣು" ಎಂದರು. ನಾನು ಕೂಡಲಿಲ್ಲ. "ಮಾಳಿಗಿ ಅವ್ರು ಬರೂತನಕ ಕಾಯೂದಿಲ್ರಿ" ಎಂದೆ. ಮುಖ್ಯಾಧಿಕಾರಿಗಳು, ಸಂಘದವರ ಕೈಗೆ ರೊಕ್ಕ ಕೊಡಲು ಬರುವುದಿಲ್ಲ ಎಂದರು. ಅದನ್ನು ನಾನು ಮನೆಯಲ್ಲೇ ಯೋಚಿಸಿಕೊಂಡು ಹೋಗಿದ್ದೆ. "ಕೈಗೆ ರೊಕ್ಕ ಯಾರಿಗೂ ಬ್ಯಾಡ್ರಿ ಸಾಹೇಬ್ರ. ಸಾಮಾನು ನೀವ ಖರೀದಿ ಮಾಡಿ ಗೋದಾಮಿನ್ಯಾಗ ಇಡ್ರಿ. ಬಡವರ ಮನಿ ಯಾವ್ಯಾವು ಅಂತ ನಿಮ್ಮ ಇಂಜಿನಿಯರು ಬಂದು ನೋಡ್ಲಿ. ದುಡಿಯಾವ್ರು ನಾವು" ಎಂದೆ. ಅವರು, ಹಾಗೆ ಮಾಡಬಹುದು, ಆದರೆ ಈ ವರ್ಷ ಯಾವುದರಲ್ಲಿ ಖರ್ಚು ಹಾಕುವುದು ಎಂದು ಕೇಳಿದರು. ನಾನು ಹೇಳಿದೆ: "ಕಮಾನಿಗೆ ಇಟ್ಟ ರೊಕ್ಕದಾಗ."

ಬಸ್ ನಿಲ್ದಾಣದ ಹತ್ತಿರ ಕಟ್ಟಬೇಕೆಂದಿರುವ ಕಮಾನಿನ ಮೇಲೆ ಬಸಂತರಾಯರು ತಮ್ಮ ತಂದೆಯ ಹೆಸರು ಕೆತ್ತಿಸಬೇಕೆಂದಿದ್ದಾರೆ, ನಿಮಗೇ ಗೊತ್ತು. ಅವರ ನಗು ಹೋಯಿತು. "ಕಮಾನು ಅಂದ್ರ ಊರ ಮರ್ಯಾದಿ" ಎಂದರು. "ಸಿದ್ದವ್ವ ಸಾಲಿ ಕಟ್ಟಿಮ್ಯಾಲ ಮಲಗ್ಯಾಳ್ರಿ. ಅದೂ ಊರ ಮರ್ಯಾದಿನ ಅಲ್ರಿ?" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಯಾರೂ ಕೈ ಎತ್ತಲಿಲ್ಲ. ಮುಗಿಯಿತು ಅಂದುಕೊಂಡೆ. ಆಗ ದೊಡ್ಡ ವಾಡೆಯ ಕಸ್ತೂರೆವ್ವಕ್ಕ, ನನ್ನ ಹಾಗೆ ಸಹಿಗಷ್ಟೇ ಬರುವವರು, ಗಂಡನನ್ನು ಹೊರಗಿನ ಬೆಂಚಿನಲ್ಲಿ ಕೂಡಿಸಿ ಬರುವವರು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎದ್ದರು. "ನಂದು ಯಲ್ಲವ್ವನ ಕಡೆ. ಕಮಾನು ಬರೂ ವರ್ಷ ಕಟ್ಟೂಣು" ಎಂದರು. ಸಭೆಯಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು. ಅವರ ಹಿಂದೆ ಒಂದೊಂದೇ ಕೈ ಎದ್ದವು. ಠರಾವು ಪಾಸಾಯಿತು.

ಸಾಮಾನಿನ ಖರೀದಿ ಮುಂದಿನ ಸಭೆಯಲ್ಲಿ ಠರಾವು ಖಾಯಂ ಆದ ಮೇಲೆಯೇ. ಆದರೆ ಗೋದಾಮಿನಲ್ಲಿ ಹಳೆಯ ಕಚೇರಿ ಕೆಡವಿದಾಗಿನ ಸಾಗವಾನಿ ಜಂತಿಗಳು ಬಿದ್ದಿದ್ದವು, ಅವನ್ನು ಮುಖ್ಯಾಧಿಕಾರಿಗಳು ಸಿದ್ದವ್ವನ ಮನೆಗೆ ಕೊಡಿಸಿದರು. ಮೊನ್ನೆ ಭಾನುವಾರ ನೀವು ಇಲ್ಲಿರಬೇಕಿತ್ತು! ಹಳ್ಳದ ದಂಡೆಯಿಂದ ಮಾಳಿಗೆಗೆ ಹಾಕುವ ಸವಳು ಮಣ್ಣು ತಂದು ಬೀದಿಯುದ್ದಕ್ಕೂ ಸಾಲಾಗಿ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಪ್ಯಾಟಿ ಓಣಿಯ ಹುಡುಗರೂ ಬಂದಿದ್ದರು. ಮಧ್ಯಾಹ್ನ ಕಸ್ತೂರೆವ್ವಕ್ಕ ನಡೆದುಕೊಂಡೇ ಬಂದರು. ಅಲ್ಲಿಯ ತನಕ ನಮ್ಮ ಓಣಿಯಲ್ಲಿ ಆ ಮನೆಯ ಹೆಂಗಸರ ಕಾಲು ಬಿದ್ದದ್ದನ್ನು ನಾನಂತೂ ನೋಡಿರಲಿಲ್ಲ. ನಮ್ಮವರ ಕೈಯ ಚಹಾ ಅವರಿಗೆ ಕೊಡಲೋ ಬೇಡವೋ ಎಂದು ಸಿದ್ದವ್ವ ಕಪ್ಪು ಹಿಡಿದು ತಡವರಿಸುತ್ತಿದ್ದಳು. ಅವರೇ ಕೈ ಚಾಚಿ ಇಸಿದುಕೊಂಡು, ಹೊಸ್ತಿಲ ಮೇಲೆ ಕುಳಿತು ಕುಡಿದರು. "ಸಕ್ರಿ ಕಡಿಮಿ ಆತು ಸಿದ್ದವ್ವಾ" ಎಂದರು. ಎಲ್ಲರೂ ನಕ್ಕರು. ಸಿದ್ದವ್ವ ಮಾತ್ರ ಅತ್ತಳು, ಮಾಳಿಗೆ ಬಿದ್ದ ದಿನ ಅಳದವಳು.

ಅಂದಿನಿಂದ ಅವಳು ತನ್ನ ಮನೆಯಲ್ಲೇ ಮಲಗುತ್ತಿದ್ದಾಳೆ. ಉಳಿದ ಮನೆಗಳು ಬಾಕಿ ಇವೆ. ಶೇವಂತೆವ್ವನ ಮಾಳಿಗೆಗೆ ಒಳಗಿನಿಂದ ಮರದ ಗಳ ಆನಿಸಿ ನಿಲ್ಲಿಸಿದ್ದೇವೆ. ಅದರ ಕೆಳಗೇ ಅವಳ ಮಗಳ ಬಾಣಂತನ ನಡೆದಿದೆ. ಅದನ್ನು ನೆನೆದರೆ ನನಗೆ ಊಟ ಇಳಿಯುವುದಿಲ್ಲ. ಸಾಮಾನು ಬರುವ ತನಕ ನಾನು ಸುಮ್ಮನೆ ಕೂಡುವವಳಲ್ಲ.

ಔಷಧಿ ತಪ್ಪಿಸಬೇಡಿ. ಬೀಡಿಯ ಹತ್ತಿರ ಹೋಗಬೇಡಿ. ಮಶಾಕಸಾಬಣ್ಣ ನಿಮ್ಮನ್ನು ಕೇಳಿದ್ದಾರೆ, ಸಿದ್ದವ್ವ ಹರಸಿದ್ದಾಳೆ, ವಿಜಯಶ್ರೀ ಅಪ್ಪನಿಗೆ ನಮಸ್ಕಾರ ಹೇಳಿದ್ದಾಳೆ. ಕಾಲೂರಿ ನಡೆದು ಬನ್ನಿ, ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿಮ್ಮವಳು,
ಯಲ್ಲವ್ವ

ತಾ.ಕ.: ಧರ್ಮರಾಜ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಹಿಟ್ಟಿನ ಗಿರಣಿಯಲ್ಲಿ ಕಸ್ತೂರೆವ್ವಕ್ಕ ಸಿಕ್ಕು ಹೇಳಿದರು: ಬರುವ ಭಾನುವಾರ ಬಸಂತರಾಯರು ನಿಮ್ಮನ್ನು ನೋಡಲು ಮಿರಜಕ್ಕೆ ಬರುತ್ತಾರಂತೆ. ಮುಂದಿನ ಸಭೆಯಲ್ಲಿ ಠರಾವು ವಾಪಸು ಪಡೆಯಲು ಹೆಂಡತಿಗೆ ಹೇಳು ಎಂದು ನಿಮ್ಮನ್ನು ಒಪ್ಪಿಸಲಿಕ್ಕೆ. ದೊಡ್ಡವರು, ಅಷ್ಟು ದೂರ ಬರುತ್ತಾರೆ, ಮರ್ಯಾದೆಯಿಂದ ಮಾತಾಡಿಸಿ. ಹಣ್ಣು ತಂದರೆ ತೆಗೆದುಕೊಳ್ಳಿ. ಮಾತು ಮಾತ್ರ ಕೊಡಬೇಡಿ. "ಮೆಂಬರ್ ಅಕಿ ಅದಾಳ್ರಿ, ಅಕಿನ್ನ ಕೇಳ್ರಿ" ಅನ್ನಿ.