ಅರ್ಧ ನಿಮಗೆ, ಅರ್ಧ ನನಗೆ

ರೀ,

ಅಂಗಡಿಯಲ್ಲಿ ಊಟದ ಡಬ್ಬಿ ಬಿಚ್ಚುವ ಮುಂಚೆ ಇದನ್ನು ಓದಿ.

ನಿಮ್ಮಿಂದ ಅಂಟಿದ ಆ ಗುಪ್ತರೋಗ ನನಗೆ ಮತ್ತೆ ಬಂದಿದೆ. ಗಂಡನಿಗೂ ಮಾತ್ರೆ ಕೊಡಿಸಿದಿರಾ ಅಂತ ಡಾಕ್ಟರಮ್ಮ ಕೇಳಿದರು. ಕೊಡಿಸಿಲ್ಲ, ಅವರೇ ಕದ್ದಿದ್ದಾರೆ ಅಂದೆ. ಆಸ್ಪತ್ರೆಯಲ್ಲಿ ಮುಖ ತೋರಿಸೋಕೆ ನಾಚಿಕೆಯಾಗಿ ನನ್ನ ಮಾತ್ರೆ ಡಬ್ಬಿಯಿಂದಲೇ ಅರ್ಧದಷ್ಟು ಎತ್ತಿದಿರಲ್ಲ, ನೀವು ತಿಂದು ಉಳಿದವು ನಿಮ್ಮ ಪ್ಯಾಂಟಿನ ಜೇಬಲ್ಲಿ ಸಿಕ್ಕವು. ಊರಿಗೆಲ್ಲ ಕನ್ನಡಕ ಮಾರುವವರು ನನ್ನನ್ನು ಕುರುಡಿ ಅಂದುಕೊಂಡಿರಾ? ಹಂಚಿಕೊಂಡು ತಿಂದಿದ್ದಕ್ಕೆ ಇಬ್ಬರಿಗೂ ವಾಸಿಯಾಗಿಲ್ಲ.

ಇಬ್ಬರೂ ಒಟ್ಟಿಗೆ, ಪೂರ್ತಿ ಮಾತ್ರೆ ತಗೋಬೇಕಂತೆ. ಡಾಕ್ಟರಮ್ಮ ಸರಿ ಅನ್ನುವ ತನಕ ಹಾಸಿಗೆ ಬೇರೆ. ಹಾಗಾಗಿ ನಾನು ಅತ್ತೆಯ ಕೋಣೆಗೆ ಹೋಗಿದ್ದೇನೆ. ಯಾಕೆ ಅಂತ ಅವರು ಕೇಳಿದರು, ಎಲ್ಲ ಹೇಳಿದೆ. ನನ್ನ ಮೈಯೇ ಸರಿಯಿಲ್ಲ ಅಂತ ಇಷ್ಟು ದಿನ ಅವರ ಕಿವಿ ಊದಿದವರು ನೀವೇ ತಾನೆ.

ಡಾಕ್ಟರಮ್ಮ ಹೊಸದಾಗಿ ಕೊಟ್ಟ ನಿಮ್ಮ ಪಾಲಿನ ಮಾತ್ರೆ ಈಗ ಅವರ ಸೆರಗಿನ ಗಂಟಿನಲ್ಲಿದೆ. ದಿನಾ ತಿಂಡಿಗೆ ಎಲ್ಲರೂ ಕೂತಾಗ ಕೊಟ್ಟು, ನಿಮ್ಮ ಬಾಯಿ ತೆರೆಸಿ ನೋಡುತ್ತಾರಂತೆ.

ಬರುವಾಗ ಬಟ್ಟೆ ಸೋಪು ತನ್ನಿ. ನಿಮ್ಮ ಆ ಇನ್ನೊಬ್ಬಳಿಗೂ ಔಷಧಿ ಆಗಬೇಕು, ಇಲ್ಲದಿದ್ದರೆ ಇದು ಸುತ್ತುತ್ತಲೇ ಇರುತ್ತದೆ. ಅವಳು ಯಾರು ಅಂತ ನಾನು ಕೇಳುವುದಿಲ್ಲ. ಕೇಳೋಕೆ ನಿಮ್ಮಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಇಂತಿ,
ಈ ಸಲ ಪೂರ್ತಿ ವಾಸಿಯಾಗುವ
ನಿಮ್ಮ ಹೆಂಡತಿ