ಜಾಲರಿಗೆ ಸಿಕ್ಕ ಮುಖ

ನೀರಿನ ಘಟಕದ ವಸತಿಗೃಹ,
ತಾರೀಖು ೧೪, ಶುಕ್ರವಾರ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಬಣ್ಣ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಹೇಳಿ ಹೇಳಿ ಅತ್ತಿಗೆ ಸೋತಿದ್ದಾರೆ. ಈಗ ಆ ಕೆಲಸ ನನಗೆ ವಹಿಸಿದ್ದಾರೆ. ಆ ಊರಿನ ಮೂರ್ತಿ ಕಾರ್ಖಾನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ? ಇಲ್ಲಿ ನಾನೂ ಅತ್ತಿಗೆಯೂ ಆರೋಗ್ಯವಾಗಿದ್ದೇವೆ. ವಿಷಯವನ್ನು ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಹೊರಟೆ. ನೀನು ‘ಏನಮ್ಮಾ’ ಎಂದ ಕೂಡಲೇ ಮಳೆಯ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಹಬ್ಬ ಚೆನ್ನಾಗಿಯೇ ಆಯಿತು. ನಮ್ಮ ಬೀದಿಯ ಟೀಚರಮ್ಮ ಹಟ ಹಿಡಿದಂತೆಯೇ ಎಲ್ಲ ನಡೆಯಿತು. ಮಂಟಪಕ್ಕೆ ಥರ್ಮಾಕೋಲ್ ಬದಲು ಹಳೆಯ ಸೀರೆಗಳು, ಪ್ಲಾಸ್ಟಿಕ್ ತೋರಣದ ಬದಲು ಹಸಿ ಎಲೆ, ಪಟಾಕಿ ಇಲ್ಲ, ಮೈಕಿನ ಗದ್ದಲವಿಲ್ಲ. ಪೂಜೆಯ ಹೂವೆಲ್ಲ ಗೊಬ್ಬರದ ಗುಂಡಿಗೆ. ಮೊದಲು ಮೂಗು ಮುರಿದವರೇ ಕೊನೆಗೆ, ತಮ್ಮ ಮನೆಯ ಸೀರೆಯನ್ನು ಎಲ್ಲರಿಗೂ ಕಾಣುವ ಕಡೆ ಕಟ್ಟಿ ಎಂದು ಜಗಳವಾಡಿದರು. ನೀನು ಮಾಡಿಕೊಟ್ಟು ಹೋದ ಮೂರ್ತಿಯ ಮುಂದೆ ಟೀಚರಮ್ಮ ‘ಅಪ್ಪಟ ಮಣ್ಣಿನದು’ ಎಂದು ತಾವೇ ದಪ್ಪ ಅಕ್ಷರದಲ್ಲಿ ಬರೆದು ನಿಲ್ಲಿಸಿದ್ದರು. ಮಣ್ಣಿನದೇ ಎಂಬ ಧೈರ್ಯದಿಂದ ಅದನ್ನು ಊರಿಗೆ ಕುಡಿಯುವ ನೀರು ಕೊಡುವ ಕೆರೆಯಲ್ಲೇ ಬಿಟ್ಟರು.

ಬಿಟ್ಟ ಮೂರನೆಯ ದಿನ ಬೆಳಿಗ್ಗೆ ನಮ್ಮ ಘಟಕದ ಪಂಪು ನರಳಿ ನಿಂತುಬಿಟ್ಟಿತು. ಪಾಳಿಯಲ್ಲಿದ್ದ ನಾನೂ ಬೇರೆ ಊರಿಂದ ಬಂದುಹೋಗುವ ಆಪರೇಟರ್ ಮಾಮನೂ ಕೆರೆಯಿಂದ ನೀರು ಒಳಬರುವ ಜಾಲರಿಯ ಹತ್ತಿರ ಇಳಿದೆವು. ಮಣ್ಣಾಗಿದ್ದರೆ ಅಷ್ಟರಲ್ಲಿ ಕರಗಿ ಕೆಸರಾಗಿರಬೇಕಿತ್ತು. ಅಲ್ಲಿ ಮೊಣಕೈವರೆಗಿನ ಒಂದು ಕೈ, ಕಿರೀಟದ ಚೂರು, ಅರ್ಧ ಮುಖ. ಸುತ್ತ ಹೊಟ್ಟೆ ಮೇಲಾಗಿ ತೇಲುವ ಮೀನುಗಳು. ಮುಖವನ್ನು ಎತ್ತಿ ತಿರುಗಿಸಿದೆ. ಕಣ್ಣಿನ ತುದಿಯಲ್ಲಿ ನೀನೊಬ್ಬನೇ ಎಳೆಯುವ ಸಣ್ಣ ಕೆಂಪು ಗೆರೆ ಹಾಗೇ ಇತ್ತು. ಒಡೆದ ಕಡೆ ಸುಣ್ಣದಂಥ ಬಿಳುಪು. ಮಾಮ, ‘ಇದು ಯಾರ ಕೈಕೆಲ್ಸಾನೋ’ ಎಂದರು. ನಾನು ‘ಗೊತ್ತಿಲ್ಲ ಮಾಮ’ ಎಂದೆ.

ನನಗೆ ಗೊತ್ತಿತ್ತು, ಅಣ್ಣಾ. ಹದಿನೈದು ದಿನ ಬಿಡದೆ ಮಳೆ ಹೊಡೆದು, ಮಣ್ಣು ಒಣಗದೆ, ಒಂದಾದ ಮೇಲೊಂದು ಎರಡು ಮೂರ್ತಿಗಳು ಬಿರುಕು ಬಿಟ್ಟಾಗ ನೀನು ಶೆಡ್ಡಿನ ಹೊಸ್ತಿಲಲ್ಲಿ ತಲೆ ಹಿಡಿದು ಕೂತದ್ದನ್ನು ಕಂಡಿದ್ದೆ. ಮರುದಿನ ಪ್ಲಾಸ್ಟರಿನ ಚೀಲಗಳು ಬಂದಿಳಿದದ್ದನ್ನೂ ಕಂಡೆ. ‘ಮೇಲೊಂದು ಪದರ ಮಣ್ಣು ಬಳೀತೀನಿ, ಒಳಗೆ ಯಾರು ನೋಡ್ತಾರೆ ಬಿಡು’ ಎಂದಿದ್ದೆ ನೀನು. ನಾನು ಟೀ ಲೋಟ ಇಟ್ಟು ಸುಮ್ಮನೆ ಬಂದೆ.

ಈಗ ಪೆಟ್ಟು ಬಿದ್ದಿರುವುದು ಟೀಚರಮ್ಮನಿಗೆ. ಮೂರ್ತಿ ಮಾಡಿಸಿದವರೂ ಫಲಕ ಬರೆದವರೂ ಅವರೇ, ತಿಳಿದೂ ಸುಳ್ಳು ಬರೆದರು ಎನ್ನುತ್ತಾರೆ ಜನ. ಎರಡು ದಿನದಿಂದ ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರು ಅವರನ್ನು ಕಂಡು, ‘ಏನ್ ಟೀಚರೇ, ನಿಮ್ಮ ಅಪ್ಪಟ ಮಣ್ಣು ಕರಗ್ತಾ?’ ಎಂದು ನಗುತ್ತಾರೆ. ‘ಮುಂದಿನ ವರ್ಷ ಇವರ ಮಾತು ಕೇಳೋದೇ ಬೇಡ, ಮೊದಲಿನ ಹಾಗೇ ಮಾಡೋಣ’ ಎಂಬ ಮಾತು ಆಗಲೇ ಶುರುವಾಗಿದೆ. ಟೀಚರಮ್ಮ ಕೊಡ ತುಂಬಿಸಿಕೊಂಡು ಹೊರಟರು. ಭಾರಕ್ಕೆ ಒಂದು ಕಡೆ ವಾಲುತ್ತಿದ್ದರೂ ಯಾರೂ ನೆರವಿಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ, ಹೋದರೆ ಅವರ ಮುಖ ನೋಡಬೇಕಾಗುತ್ತದಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ನೀನು ಕೆಟ್ಟವನಲ್ಲ ಎಂಬುದೂ ಅಷ್ಟೇ ನಿಜ. ಅತ್ತಿಗೆಗೆ ನಿನ್ನೆ ಎಲ್ಲ ಹೇಳಿದೆ. ತರಕಾರಿ ಹೆಚ್ಚುತ್ತಿದ್ದವರು ಕೈ ನಿಲ್ಲಿಸಿ, ‘ನಿಮ್ಮಣ್ಣನೇ ಬಂದು ಹೇಳ್ಲಿ. ನಿನ್ನ ಬಾಯಿಂದ ಹೊರಬಿದ್ರೆ ಅವರು ಮತ್ತೆ ತಲೆ ಎತ್ತೋಕಾಗಲ್ಲ’ ಎಂದರು. ಆಮೇಲೆ ಈರುಳ್ಳಿಯ ನೆಪ ಮಾಡಿ ಅತ್ತರು. ಹೆಚ್ಚುತ್ತಿದ್ದದ್ದು ಬೀನ್ಸು.

ಬಿಸಿನೀರು ಕುಡಿ, ತಡಮಾಡದೆ ಮಲಗು. ಜೊತೆಯ ಕೆಲಸದವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಗುಬ್ಬಿ

ಇನ್ನೊಂದು ಮಾತು. ಬರುವ ಗುರುವಾರ ಸಂಜೆ ಐದಕ್ಕೆ ಹಬ್ಬದ ಸಮಿತಿಯ ಸಭೆ. ನಮ್ಮ ಘಟಕದ ಇಂಜಿನಿಯರೂ ಬರುತ್ತಾರೆ. ಜಾಲರಿ ಬಿಡಿಸಿದವಳು ನಾನೇ ಆದ್ದರಿಂದ ಹೇಳಿಕೆ ಕೊಡಲು ನನ್ನನ್ನು ಕರೆದಿದ್ದಾರೆ. ಬರುತ್ತೇನೆಂದು ಸಹಿ ಹಾಕಿಕೊಟ್ಟಿದ್ದೇನೆ. ಬುಧವಾರದ ಬಸ್ಸು ಹಿಡಿದರೆ ನೀನು ನನಗಿಂತ ಮೊದಲು ಮಾತಾಡಬಹುದು. ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ. ಬರದಿದ್ದರೆ ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳುತ್ತೇನೆ, ಅಣ್ಣಾ.